ಬಿಲ್ ಎಲ್ಲಿದೆ ಎಂದು ಕೇಳಲು ಕಲಿತ ಬೇಸಿಗೆ

ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಎಂದ ಕೂಡಲೇ ಎಲ್ಲರೂ ಬೆಂಗಳೂರಿನ ಕಡೆ ನೋಡುತ್ತಾರೆ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಬಿಟ್ಟರೆ ಬೇರೆ ಆಡಿಟ್ ಸಂಸ್ಥೆಗಳೇ ಇಲ್ಲವೇನೋ ಎನ್ನುವ ಹಾಗೆ ಮಾತಾಡುತ್ತೇವೆ. ನಾನು ಧಾರವಾಡದಲ್ಲಿ ಬಿ.ಕಾಂ ಎರಡನೇ ವರ್ಷದಲ್ಲಿದ್ದಾಗ, 2024ರ ಬೇಸಿಗೆಯಲ್ಲಿ, ಹುಬ್ಬಳ್ಳಿಯ ಒಂದು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕಚೇರಿಗೆ ಸೇರಿಕೊಂಡೆ. ಇಬ್ಬರು ಪಾರ್ಟ್ನರ್‌ಗಳು, ಆರ್ಟಿಕಲ್‌ಶಿಪ್ (ಸಿಎ ಓದುವವರ ಕಚೇರಿ ತರಬೇತಿ) ಮಾಡುತ್ತಿದ್ದ ಹುಡುಗ ಹುಡುಗಿಯರು, ಗೋಡೆ ತುಂಬ ಫೈಲು. ಬೆಳಿಗ್ಗೆ ಚಿಗರಿ ಬಸ್ಸು ಹತ್ತಿ ಹೋಗುವುದು, ಸಂಜೆ ಅದರಲ್ಲೇ ವಾಪಸ್. ದೊಡ್ಡ ಸಂಸ್ಥೆಗೆ ಹೋಗಿದ್ದರೆ ಇಷ್ಟು ಬೇಗ ಇಷ್ಟೊಂದು ಕೆಲಸ ನನ್ನ ಕೈಗೆ ಬರುತ್ತಿತ್ತಾ ಎನ್ನುವ ಅನುಮಾನ ನನಗೆ ಈಗಲೂ ಇದೆ.

ಸೇರಿದ ದಿನ ಪಾರ್ಟ್ನರ್ ಸರ್ ಕೆಲಸದ ಬಗ್ಗೆ ಏನೂ ಹೇಳಲಿಲ್ಲ. ಗುಟ್ಟಿನ ಬಗ್ಗೆ ಹೇಳಿದರು. ಕ್ಲೈಂಟ್ ಹೆಸರು ಹೊರಗೆ ಆಡಬಾರದು, ಕಾಗದದ ಫೋಟೊ ಫೋನಿನಲ್ಲಿ ಇರಬಾರದು, ಬಸ್ಸಿನಲ್ಲಿ ಲೆಕ್ಕದ ಮಾತು ಬೇಡ. ಹುಬ್ಬಳ್ಳಿಯಂಥ ಊರಲ್ಲಿ ಇದು ಸಣ್ಣ ವಿಷಯವಲ್ಲ. ನಮ್ಮ ಕಾಕಾ ಅಮರಗೋಳದ ಎಪಿಎಂಸಿಗೆ ವಾರ ವಾರ ಹೋಗುವವರು. ಯಾರ ಅಂಗಡಿ ಲೆಕ್ಕ ನೋಡುತ್ತೀ ಎಂದು ಅವರು ಕೇಳಿದಾಗೆಲ್ಲ ಮಾತು ಮರೆಸುತ್ತಿದ್ದೆ. ಇಲ್ಲೂ ಯಾರ ಹೆಸರನ್ನೂ ಹೇಳುವುದಿಲ್ಲ.

ಏಪ್ರಿಲ್ ಎಂದರೆ ಸಿಎ ಕಚೇರಿಗಳಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್ ಕಾಲ. ಮಾರ್ಚ್ 31ಕ್ಕೆ ವರ್ಷ ಮುಗಿದ ಬೆನ್ನಲ್ಲೇ ಶಾಖೆಗೆ ಹೋಗಿ ಕೂರಬೇಕು, ಕೆಲವೇ ದಿನಗಳಲ್ಲಿ ವರದಿ ಕೊಡಬೇಕು. ನಮಗೆ ನವಲಗುಂದ ಕಡೆಯ ಒಂದು ಶಾಖೆ ಬಂದಿತ್ತು. ಸಾಲಗಳಲ್ಲಿ ಬಹುಪಾಲು ಬೆಳೆ ಸಾಲ ಮತ್ತು ಬಂಗಾರದ ಸಾಲ.

ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಎಂದರೆ 90 ದಿನ ಎಂದು ಪುಸ್ತಕದಲ್ಲಿ ಓದಿದ್ದೆ. ಬಡ್ಡಿ ಅಥವಾ ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ. ಬೆಳೆ ಸಾಲಕ್ಕೆ ಲೆಕ್ಕವೇ ಬೇರೆ. ಕಡಿಮೆ ಅವಧಿಯ ಬೆಳೆಗೆ ಎರಡು ಹಂಗಾಮು, ದೀರ್ಘ ಅವಧಿಯ ಬೆಳೆಗೆ ಒಂದು ಹಂಗಾಮು ಬಾಕಿಯಾದರೆ ಮಾತ್ರ ಎನ್‌ಪಿಎ. ಅದರ ಮೇಲೆ ಆ ವರ್ಷ ಬರ ಬೇರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಬರ ಬಿದ್ದ ಕಡೆ ರೈತರ ಬೆಳೆ ಸಾಲವನ್ನು ಅವಧಿ ಸಾಲವಾಗಿ ಬದಲಾಯಿಸಿ ಕಂತು ಮುಂದಕ್ಕೆ ಹಾಕಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶ ಇದೆ. ಹಾಗೆ ಬದಲಾದ ಖಾತೆಗಳಿಗೆ ಪತ್ರ ಸರಿಯಾಗಿದೆಯೇ, ರೈತರ ಸಹಿ ಇದೆಯೇ, ದಿನಾಂಕ ಹೊಂದುತ್ತದೆಯೇ ಎಂದು ಒಂದೊಂದೇ ಫೈಲು ತೆರೆದು ನೋಡುವುದು ನನ್ನ ಪಾಲಿಗೆ ಬಂತು.

ಆ ಕೆಲಸ ನನಗೆ ಬಹಳ ಹತ್ತಿರವಾಯಿತು. ನಮ್ಮದೂ ಒಕ್ಕಲುತನದ ಮನೆ. ಪಹಣಿ (ಜಮೀನಿನ ದಾಖಲೆ) ನೋಡುತ್ತಲೇ ಬೆಳೆದವಳು ನಾನು. ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ, ಜಂಟಿ ಖಾತೆಯಲ್ಲಿ ಯಾರ ಪಾಲು ಎಷ್ಟು, ಬ್ಯಾಂಕಿನ ಬೋಜಾ (ಸಾಲದ ಹೊರೆ) ಏರಿದೆಯೋ ಇಲ್ಲವೋ, ಇವನ್ನೆಲ್ಲ ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ತಂಡದ ಹಿರಿಯ ಆರ್ಟಿಕಲ್ ಬೇರೆ ರಾಜ್ಯದಿಂದ ಬಂದವರು. ಲೆಕ್ಕದಲ್ಲಿ ತುಂಬಾ ಚುರುಕು, ಆದರೆ ಕನ್ನಡದ ಪಹಣಿ ಅವರಿಗೆ ಓದಲು ಬರುತ್ತಿರಲಿಲ್ಲ. ಪಹಣಿಯ ಹೆಸರಿಗೂ ಸಾಲದ ಅರ್ಜಿಯ ಹೆಸರಿಗೂ ತಾಳೆ ಹಾಕುವ ಕೆಲಸವನ್ನು ಅವರು ಪೂರ್ತಿ ನನಗೇ ಬಿಟ್ಟರು. ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಎನ್ನುವ ಅಳುಕು ಇಟ್ಟುಕೊಂಡೇ ಹೋಗಿದ್ದ ನನಗೆ ಅದು ದೊಡ್ಡ ಧೈರ್ಯ ಕೊಟ್ಟಿತು.

ಅದೇ ಹಿರಿಯರಿಂದ ನಾನು ಕಲಿತದ್ದು ಕೇಳುವುದನ್ನು. ಆಡಿಟ್ ಎಂದರೆ ಕೂಡಿಸಿ ಕಳೆಯುವುದು ಎಂದುಕೊಂಡಿದ್ದೆ. ಕೂಡಿಸುವುದನ್ನು ಟ್ಯಾಲಿ ಎನ್ನುವ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತದೆ. ನಮ್ಮ ಕೆಲಸ ಹೆಚ್ಚಾಗಿ ಕೇಳುವುದು, ಅದೂ ನಮಗಿಂತ ವಯಸ್ಸಾದವರನ್ನು, ನಮಗಿಂತ ಹೆಚ್ಚು ಕೆಲಸ ಇರುವವರನ್ನು. "ಬಿಲ್ ಇದೆಯಾ" ಎಂದರೆ "ಇದೆ" ಎಂದೇ ಉತ್ತರ ಬರುತ್ತದೆ. "ಈ ವೋಚರಿನ ಬಿಲ್ ತೋರಿಸ್ತೀರಾ" ಎಂದರೆ ಕಾಗದ ಹೊರಗೆ ಬರುತ್ತದೆ. ಒಂದೊಂದಕ್ಕೂ ಎದ್ದು ಹೋಗಿ ಕೇಳುವ ಬದಲು ಪಟ್ಟಿ ಮಾಡಿಟ್ಟುಕೊಂಡು ಊಟಕ್ಕೆ ಮುಂಚೆ ಒಟ್ಟಿಗೆ ಕೇಳಬೇಕು. ತಿಂಗಳ 20ನೇ ತಾರೀಖಿನ ಆಸುಪಾಸಿನಲ್ಲಿ, ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಸಲ್ಲಿಸುವ ಒತ್ತಡದಲ್ಲಿರುವ ಲೆಕ್ಕದವರನ್ನು ಹಳೇ ವೋಚರಿಗಾಗಿ ಕಾಡಬಾರದು. ಮುಖ್ಯವಾಗಿ, ಗುಮಾಸ್ತರನ್ನು ಮಾಲೀಕರ ಎದುರಿಗೆ ಪ್ರಶ್ನೆ ಕೇಳಲೇಬಾರದು. ಪ್ರಶ್ನೆ ಎಷ್ಟೇ ಸಾಧಾರಣವಾಗಿದ್ದರೂ ಅವರು ತಪ್ಪಿತಸ್ಥರ ಹಾಗೆ ಕಾಣುತ್ತಾರೆ. ಇದನ್ನು ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ.

ಬ್ಯಾಂಕಿನ ಕೆಲಸ ಮುಗಿದ ಮೇಲೆ ಒಣಮೆಣಸಿನಕಾಯಿ ವ್ಯಾಪಾರದ ಒಂದು ಅಂಗಡಿಗೆ ಕಳಿಸಿದರು. ಘಾಟಿಗೆ ಮೂಗು ಕಣ್ಣು ಉರಿಯುತ್ತಿದ್ದವು. ಅಲ್ಲಿ ಲೆಕ್ಕ ಬರೆಯುವ ದಿವಾನಜಿಗೆ ನಮ್ಮ ಅಜ್ಜನಷ್ಟು ವಯಸ್ಸು. "ಬಾರವ್ವಾ, ಏನ್ ಬೇಕಾಗಿತ್ತ?" ಎಂದು ಕರೆದು ಕೂರಿಸುತ್ತಿದ್ದರು. ನಗದು ಪುಸ್ತಕದಲ್ಲಿ ದೊಡ್ಡ ದೊಡ್ಡ ಪಾವತಿಗಳಿದ್ದವು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಆದರೆ ರೈತರು ಬೆಳೆದ ಮಾಲಿಗೆ ಅವರಿಗೇ ಕೊಟ್ಟ ಹಣಕ್ಕೆ ಈ ಮಿತಿಯಿಂದ ವಿನಾಯಿತಿ ಇದೆ. ಹಾಗಾದರೆ ಹಣ ಪಡೆದವರು ರೈತರೇ ಎನ್ನುವುದಕ್ಕೆ ಕಾಗದ ಬೇಕು. ಅದನ್ನು ಕೇಳಿದಾಗ ದಿವಾನಜಿ ಸಿಟ್ಟಾಗಲಿಲ್ಲ. ಕಪಾಟಿನಿಂದ ದಾರ ಕಟ್ಟಿದ ಕಟ್ಟುಗಳನ್ನು ತೆಗೆದರು. ಊರಿನ ಪ್ರಕಾರ, ರೈತರ ಹೆಸರಿನ ಪ್ರಕಾರ, ಪಹಣಿ ನಕಲು ಸಮೇತ ಎಲ್ಲ ಜೋಡಿಸಿಟ್ಟಿದ್ದರು. ಅಷ್ಟು ಶಿಸ್ತಿನ ಫೈಲಿಂಗನ್ನು ನಾನು ಬೇರೆಲ್ಲೂ ನೋಡಲಿಲ್ಲ. ಹಳೇ ಕಾಲದ ಲೆಕ್ಕದವರನ್ನು ಕಂಪ್ಯೂಟರ್ ಬರುವುದಿಲ್ಲ ಎಂದು ಹಗುರವಾಗಿ ನೋಡುವವರು ಒಮ್ಮೆ ಅಂಥ ಕಪಾಟು ನೋಡಬೇಕು.

ಆಗ ಲೋಕಸಭಾ ಚುನಾವಣೆ ಸಮಯ. ನಮ್ಮ ಕಡೆ ಮೇ 7ಕ್ಕೆ ಮತದಾನ ಇತ್ತು. 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವವರ ಬಳಿ ದಾಖಲೆ ಇರಲೇಬೇಕಾಗಿತ್ತು. ಬ್ಯಾಂಕಿನಿಂದ ತೆಗೆದ ಚೀಟಿ, ಮಾಲಿನ ಬಿಲ್ಲು ಜೊತೆಗಿರಬೇಕು ಎಂದು ವ್ಯಾಪಾರಿಗಳಿಗೆ ವಿವರಿಸಿ ಹೇಳುವುದೂ ಆ ದಿನಗಳಲ್ಲಿ ಕಚೇರಿಯ ಕೆಲಸವೇ ಆಗಿತ್ತು.

ಜಿಎಸ್‌ಟಿ ಕೆಲಸ ಬಂದದ್ದು ಗೋಕುಲ ರೋಡಿನ ಕಡೆಯ, ಯಂತ್ರದ ಬಿಡಿಭಾಗ ಮಾಡುವ ಒಂದು ಘಟಕದ್ದು. ಮಾಲು ಕೊಟ್ಟವರು ತಮ್ಮ ರಿಟರ್ನ್ ಸಲ್ಲಿಸಿದರೆ ಮಾತ್ರ ಅವರ ಬಿಲ್ಲು ಜಿಎಸ್‌ಟಿ ಜಾಲತಾಣದಲ್ಲಿ ಸಿಗುವ ನಮ್ಮ ಖರೀದಿಯ 2ಬಿ ಪಟ್ಟಿಯಲ್ಲಿ ಕಾಣುತ್ತದೆ. ಅದು ಪ್ರತಿ ತಿಂಗಳು 14ಕ್ಕೆ ಸಿದ್ಧವಾಗುತ್ತದೆ. ಅಲ್ಲಿ ಇಲ್ಲದ ಬಿಲ್ಲಿಗೆ ತೆರಿಗೆ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಇಲ್ಲ. ಖರೀದಿ ಪುಸ್ತಕವನ್ನೂ 2ಬಿಯನ್ನೂ ಎಕ್ಸೆಲ್‌ನಲ್ಲಿ ಹೊಂದಿಸುವುದು ಸುಲಭ ಅನ್ನಿಸುತ್ತದೆ ಅಲ್ವಾ? ಆದರೆ ಒಂದು ಕಡೆ ಬಿಲ್ ನಂಬರ್ "0045/23-24", ಇನ್ನೊಂದು ಕಡೆ ಬರೀ "45". ಎಕ್ಸೆಲ್‌ನ ಹುಡುಕುವ ಸೂತ್ರ ವಿಲುಕಪ್ ಅದನ್ನು ಬೇರೆ ಬೇರೆ ಬಿಲ್ಲು ಎಂದೇ ತಿಳಿಯುತ್ತದೆ. ಹಾಗಾಗಿ ಮೊದಲು ಜಿಎಸ್‌ಟಿ ನಂಬರ್ ಮತ್ತು ಮೊತ್ತದಿಂದ ಹೊಂದಿಸಿ, ಉಳಿದದ್ದನ್ನು ಮಾತ್ರ ಬಿಲ್ ನಂಬರಿನಿಂದ ಹುಡುಕುತ್ತಿದ್ದೆ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲಿನ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ ಪಿ ಇದ್ದರೆ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ ಸಂಸ್ಥೆ, ಸಿ ಇದ್ದರೆ ಕಂಪನಿ. ಇಷ್ಟು ಗೊತ್ತಿದ್ದರೆ ಎಷ್ಟೋ ಗೊಂದಲ ನೋಡಿದ ಕೂಡಲೇ ಬಗೆಹರಿಯುತ್ತದೆ.

ಆ ವರ್ಷದ ಹೊಸ ತಲೆನೋವು ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಮು. ಸಣ್ಣ ಮತ್ತು ಅತಿ ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಆ ಖರ್ಚು ಲೆಕ್ಕಕ್ಕೆ. ಹೀಗಾಗಿ ಘಟಕ ಯಾರಿಗೆಲ್ಲ ಹಣ ಬಾಕಿ ಇಟ್ಟಿತ್ತೋ ಅವರ ಪಟ್ಟಿ ಹಿಡಿದು ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಎನ್ನುವ ಸರ್ಕಾರಿ ನೋಂದಣಿ) ಇದೆಯೇ ಎಂದು ಫೋನ್ ಮಾಡಿ ಕೇಳುವುದು ನನ್ನ ಕೆಲಸ. "ನಿಮಗ್ಯಾಕ್ರೀ ಅದು?" ಎಂದು ಫೋನ್ ಇಡುತ್ತಿದ್ದವರೇ, "ಈ ನೋಂದಣಿ ಇದ್ದರೆ ನಿಮ್ಮ ದುಡ್ಡು ಬೇಗ ಬರುತ್ತದೆ ರೀ" ಎಂದು ಮೊದಲೇ ಹೇಳಿದರೆ ಸರ್ಟಿಫಿಕೇಟನ್ನೇ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ಸಣ್ಣ ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿಗೆ ತಿಂಗಳುಗಟ್ಟಲೆ ಹಣ ಸಿಗುವುದಿಲ್ಲ ಎನ್ನುವುದು ಆ ಪಟ್ಟಿಯಿಂದಲೇ ನನಗೆ ತಿಳಿಯಿತು. ಈ ಕಾನೂನಿನ ಬಗ್ಗೆ ವ್ಯಾಪಾರಿಗಳಲ್ಲಿ ಬಹಳ ಬೇಸರ ಇತ್ತು. ನನಗೆ ಮಾತ್ರ ಅದು ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಹಣದ ವಿಷಯ ಕೇಳುವವರಿಗೆ: ಬಸ್ಸು, ಊಟ ಕಳೆದು ಸ್ವಲ್ಪ ಉಳಿಯುವಷ್ಟು ಸ್ಟೈಪೆಂಡ್ ಸಿಕ್ಕಿತು. ಸಿಎ ಮಾಡಬೇಕು ಎನ್ನುವ ತೀರ್ಮಾನವೂ ಅಲ್ಲೇ ಆಯಿತು. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕ ಇದ್ದರೆ ಸಿಎಯ ಮೊದಲ ಪರೀಕ್ಷೆ ಫೌಂಡೇಶನ್ ಬರೆಯದೆ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್ ಅವಧಿ ಕೂಡ 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ನಾನು ಆ ದಾರಿ ಹಿಡಿದಿದ್ದೇನೆ.

ಬರುವ ಬೇಸಿಗೆಗೆ ಹೋಗಬೇಕು ಎನ್ನುವವರು ಜನವರಿ, ಫೆಬ್ರುವರಿಯಲ್ಲೇ ಕಚೇರಿಗಳಿಗೆ ಹೋಗಿ ಕೇಳಿ. ಏಪ್ರಿಲ್‌ನಲ್ಲಿ ನಿಮ್ಮ ಜೊತೆ ಮಾತಾಡಲು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಇಮೇಲ್ ಕಳಿಸಿ ಸುಮ್ನೆ ಕಾಯುವುದಕ್ಕಿಂತ ಖುದ್ದಾಗಿ ಹೋಗುವುದು ಒಳ್ಳೆಯದು. ಟ್ಯಾಲಿ, ಎಕ್ಸೆಲ್ ಬರುತ್ತದೆ ಎಂದು ಎಲ್ಲರೂ ಅರ್ಜಿಯಲ್ಲಿ ಬರೆಯುತ್ತಾರೆ. ಪಹಣಿ ಓದಲು ಬರುತ್ತಿದ್ದರೆ, ಎಪಿಎಂಸಿ ವ್ಯವಹಾರ ಗೊತ್ತಿದ್ದರೆ, ಮನೆಯ ಅಂಗಡಿ ಲೆಕ್ಕ ಬರೆದಿದ್ದರೆ ಅದನ್ನೂ ಬರೆಯಿರಿ. ನಮ್ಮ ಕಡೆಯ ಕಚೇರಿಗಳಿಗೆ ಅಂಥವರು ಬೇಕು.