ಪರೀಕ್ಷೆಯ ಅಂಕ ಬಂದ ಮೇಲೆ ಮುಖ್ಯ ಶಿಕ್ಷಕರು ಏನು ಮಾಡಬೇಕು?

ಸರಾಸರಿ ನೋಡಿ ಸುಮ್ನೆ ಗಾಬರಿಯಾಗಬೇಡಿ. 20 ಮಕ್ಕಳ ತರಗತಿಯಲ್ಲಿ ಒಂದು ಮಗು ಅಂದರೆ ಶೇ 5, ಅಲ್ವಾ? ಒಂದಿಬ್ಬರು ಮಕ್ಕಳಿಂದಲೇ ಸರಾಸರಿ ಏರಿಳಿಯಬಹುದು. ಶಿಕ್ಷಕರ ಜೊತೆ ಕುಳಿತು ಒಂದೊಂದೇ ಪ್ರಶ್ನೆ ನೋಡಿ. ಎಷ್ಟು ಮಕ್ಕಳು ತಪ್ಪು ಮಾಡಿದರು ಅನ್ನೋದಕ್ಕಿಂತ ಏನು ತಪ್ಪು ಮಾಡಿದರು ಅನ್ನೋದೇ ಜಾಸ್ತಿ ಹೇಳುತ್ತದೆ: 52ರಲ್ಲಿ 38 ಕಳೆದರೆ 26 ಅಂತ ತುಂಬಾ ಮಕ್ಕಳು ಬರೆದಿದ್ದರೆ, ಅವರು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾರೆ, ದಶಕ ತೆಗೆದುಕೊಳ್ಳೋದು ಅವರಿಗೆ ಅರ್ಥವಾಗಿಲ್ಲ. ಅದನ್ನು ಮತ್ತೆ ಕಲಿಸಿ. ವಾಕ್ಯಗಳಲ್ಲಿ ಬರೆದು ಕೊಟ್ಟ ಲೆಕ್ಕ ತಪ್ಪಿದ ಮಗುವಿಗೆ ಪ್ರಶ್ನೆಯನ್ನು ನೀವೇ ಓದಿ ಹೇಳಿ. ಆಗ ಸರಿಯಾಗಿ ಮಾಡಿದರೆ ತೊಂದರೆ ಇರೋದು ಬಹುಶಃ ಓದಿನಲ್ಲಿ. ದಯವಿಟ್ಟು ಶಿಕ್ಷಕರ ಹೆಸರು ಹಾಕಿ ಅಂಕಗಳನ್ನು ಗೋಡೆಗೆ ಅಂಟಿಸಬೇಡಿ. ಹೆದರಿದವರು ಪರೀಕ್ಷೆಗೆ ಬರೋದನ್ನಷ್ಟೇ ಕಲಿಸುತ್ತಾರೆ. ಕೆಲವು ವಾರ ಬಿಟ್ಟು ಅದೇ ವಿಷಯದ ಮೇಲೆ ಐದಾರು ಹೊಸ ಪ್ರಶ್ನೆ ಕೊಟ್ಟು ನೋಡಿ.