ಜನರೇಟರ್‌ಗೆ ಲೋಡ್ ಕೊಡಿ: ಬ್ಯಾಡಗಿ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಅನುಭವ

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ 125 ಕೆವಿಎ ಡೀಸೆಲ್ ಜನರೇಟರ್ ನೋಡಿಕೊಳ್ಳುವುದು ನನ್ನ ಕೆಲಸ. ಲೋಡ್ ಕಮ್ಮಿ ಇದ್ದಷ್ಟೂ ಎಂಜಿನ್ ಜಾಸ್ತಿ ದಿನ ಬರುತ್ತದೆ ಅಂತ ಇಲ್ಲಿ ಮಾಲೀಕರಿಂದ ಹಿಡಿದು ಹಮಾಲರವರೆಗೆ ಎಲ್ಲರೂ ನಂಬಿದ್ದಾರೆ. ನಾನು ನಂಬುವುದಿಲ್ಲ. ದುಡಿದು ಕೆಟ್ಟ ಎಂಜಿನ್‌ಗಿಂತ ಸುಮ್ನೆ ಖಾಲಿ ಓಡಿ ಕೆಟ್ಟ ಎಂಜಿನ್ನೇ ನಾನು ಜಾಸ್ತಿ ನೋಡಿದ್ದು.

ಲೋಡ್ ಶೇ 30ಕ್ಕಿಂತ ಕೆಳಗೇ ಇದ್ದರೆ ಸಿಲಿಂಡರ್ ಒಳಗೆ ಬೇಕಾದಷ್ಟು ಬಿಸಿ ಏರುವುದಿಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಪಿಸ್ಟನ್ ರಿಂಗ್ ಬಿಗಿಯಾಗಿ ಕೂರುವುದಿಲ್ಲ. ಉಳಿದ ಡೀಸೆಲ್ಲು ಮಸಿ ಜೊತೆ ಸೇರಿ ಎಕ್ಸಾಸ್ಟ್ ಜಾಯಿಂಟಿನಲ್ಲಿ ಜಿನುಗುತ್ತದೆ. ಎಂಜಿನ್ ಆರಿದ ಮೇಲೆ ಮುಟ್ಟಿ ನೋಡಿ, ಡಾಂಬರಿನ ಹಾಗೆ ಬೆರಳಿಗೆ ಅಂಟುತ್ತದೆ. ಉಳಿತಾಯವಾದರೂ ಇದೆಯಾ? ಅದೂ ಇಲ್ಲ. ಶೇ 70-75 ಲೋಡಿನಲ್ಲಿ ಒಂದು ಲೀಟರಿಗೆ 3.5 ಯೂನಿಟ್ ಆಸುಪಾಸು ಕೊಡುವ ಸೆಟ್ಟು, ಶೇ 20ಕ್ಕೆ ಇಳಿದರೆ 2.5 ಕೊಟ್ಟರೆ ಹೆಚ್ಚು.

125 ಕೆವಿಎ ಅಂದರೆ 0.8 ಪವರ್ ಫ್ಯಾಕ್ಟರಿಗೆ 100 ಕಿಲೋವ್ಯಾಟ್, ಫುಲ್ ಲೋಡ್ ಕರೆಂಟ್ ಸುಮಾರು 174 ಆಂಪ್ಸ್. ನಾನು ಆಮ್ಮೀಟರ್ 120ರಿಂದ 130ರ ನಡುವೆ, ಅಂದರೆ ಶೇ 70-75ರ ಆಸುಪಾಸು ಇಟ್ಟುಕೊಳ್ಳುತ್ತೇನೆ. ಮೂರೂ ಫೇಸ್ ನೋಡಬೇಕು, ಒಂದನ್ನೇ ನೋಡಿ ಸಮಾಧಾನ ಪಟ್ಟುಕೊಂಡರೆ ಆಗಲ್ಲ.

ಇದಕ್ಕೆ ನಾವು ಮಾಡಿದ್ದು ಇಷ್ಟೇ. ಮೊದಲೆಲ್ಲ ಕರೆಂಟ್ ಹೋದ ಕೂಡಲೇ ಜನರೇಟರ್ ಸ್ಟಾರ್ಟ್, ಕರೆಂಟ್ ಬರುವವರೆಗೂ ಅದು ಓಡುತ್ತಲೇ ಇರುತ್ತಿತ್ತು. ಅರ್ಧ ಹೊತ್ತು ಕಂಪ್ರೆಸರ್ ಆಫ್, ಬರೀ ಲೈಟು, ಒಂದೆರಡು ಫ್ಯಾನು. ಆದರೆ ಒಣ ಮೆಣಸಿನಕಾಯಿ ಹಣ್ಣು, ತರಕಾರಿ ಥರ ತಾನೇ ಬಿಸಿ ಬಿಡುವ ಮಾಲಲ್ಲ. ಕೋಣೆಯ ಗೋಡೆಗೆ ದಪ್ಪ ಇನ್ಸುಲೇಷನ್ ಇದೆ, ಬಾಗಿಲು ತೆಗೆಯದಿದ್ದರೆ ತಂಪು ಗಂಟೆಗಟ್ಟಲೆ ನಿಲ್ಲುತ್ತದೆ. ಅದಕ್ಕೆ ಈಗ ಥರ್ಮಾಮೀಟರ್ ನೋಡುತ್ತಾ ಕಾಯುತ್ತೇವೆ, ಏರತೊಡಗಿದಾಗ ಕಂಪ್ರೆಸರ್, ಕೋಣೆಗಳ ಫ್ಯಾನು ಎಲ್ಲವನ್ನೂ ಒಟ್ಟಿಗೆ ಒಂದು ಪಾಳಿ ಓಡಿಸಿ ಕೋಣೆಯ ಬಿಸಿ ಇಳಿಸಿ ಬಂದ್ ಮಾಡುತ್ತೇವೆ. ರಾತ್ರಿ ಲೈಟಿಗೆ ಇನ್ವರ್ಟರ್. ಸೋಮವಾರ, ಗುರುವಾರ ಮಾರ್ಕೆಟ್ ಇರುವುದರಿಂದ ಬಾಗಿಲು ತೆಗೆದೇ ಇರುತ್ತದೆ, ಆ ದಿನ ಈ ಲೆಕ್ಕ ನಡೆಯಲ್ಲ.

ಲೋಡ್ ಹಾಕುವ ಕ್ರಮವೂ ಮುಖ್ಯ. ದೊಡ್ಡ ಮೋಟರ್ ಮೊದಲು, ಸಣ್ಣದು ಆಮೇಲೆ ಅನ್ನುವುದು ಸಾಮಾನ್ಯ ನಿಯಮ. ನಮ್ಮ ಥರ ಅಮೋನಿಯಾದಿಂದ ತಂಪು ಮಾಡುವ ಪ್ಲಾಂಟಿನಲ್ಲಿ ಇದಕ್ಕೆ ಒಂದು ತಿದ್ದುಪಡಿ ಬೇಕು. ಕಂಡೆನ್ಸರ್ ಪಂಪಿನ ನೀರು ಓಡದೆ ಕಂಪ್ರೆಸರ್ ಹಾಕಿದರೆ ಹೆಡ್ ಪ್ರೆಶರ್ (ಕಂಪ್ರೆಸರ್ ಹೊರಬಿಡುವ ಗ್ಯಾಸಿನ ಒತ್ತಡ) ಏರಿ ಟ್ರಿಪ್ ಆಗುತ್ತದೆ. ಹಾಗಾಗಿ ಮೊದಲು ಪಂಪು, ನಂತರ ಕಂಪ್ರೆಸರನ್ನು ಅನ್‌ಲೋಡ್ ಮಾಡಿಕೊಂಡು ಸ್ಟಾರ್-ಡೆಲ್ಟಾದಲ್ಲಿ (ಶುರುವಿನ ಕರೆಂಟ್ ಕಮ್ಮಿ ಮಾಡುವ ಸ್ಟಾರ್ಟರ್), ಅದು ಪೂರ್ತಿ ವೇಗಕ್ಕೆ ಬಂದ ಮೇಲೆ ಕೋಣೆ ಫ್ಯಾನುಗಳನ್ನು ಒಂದೊಂದಾಗಿ. ಇದಕ್ಕೂ ಮೊದಲು ಎಂಜಿನ್‌ಗೆ ಖಾಲಿಯಾಗಿ ಮೂರು ನಿಮಿಷ ಕೊಡಿ, ಆಯಿಲ್ ಪ್ರೆಶರ್ ಸ್ಥಿರವಾಗಲಿ.

ಬ್ಯಾಡಗಿಗೆ ಅಂತಲೇ ಇರುವ ಇನ್ನೊಂದು ಕಾಟ ಮೆಣಸಿನಕಾಯಿ ಧೂಳು. ಸೀಜನ್‌ನಲ್ಲಿ ಗಾಳಿಯಲ್ಲಿ ಸಿಪ್ಪೆ ಚೂರು, ಪುಡಿ ತೇಲುತ್ತಲೇ ಇರುತ್ತದೆ. ಏರ್ ಕ್ಲೀನರ್ ಇಂಡಿಕೇಟರ್ ಬೇಗ ಕೆಂಪಾಗುತ್ತದೆ. ಎಲಿಮೆಂಟ್ (ಒಳಗಿನ ಕಾಗದದ ಫಿಲ್ಟರ್) ಅನ್ನು ನೆಲಕ್ಕೆ ಕುಟ್ಟಬೇಡಿ, ಕಾಗದ ಹರಿಯುತ್ತದೆ. ಒಳಗಿನಿಂದ ಹೊರಕ್ಕೆ ಕಮ್ಮಿ ಪ್ರೆಶರಿನ ಗಾಳಿ ಹೊಡೆಯಿರಿ, ಆಮೇಲೆ ಒಳಗೆ ಬಲ್ಬ್ ಹಿಡಿದು ನೋಡಿ. ಸೂಜಿ ತೂತಿನಷ್ಟು ಬೆಳಕು ಕಂಡರೂ ಹೊಸದು ಹಾಕಿ. ಅದರೊಳಗಿರುವ ಎರಡನೇ, ಸೇಫ್ಟಿ ಎಲಿಮೆಂಟ್ ಅನ್ನು ಮಾತ್ರ ಸ್ವಚ್ಛ ಮಾಡುವ ಗೋಜಿಗೇ ಹೋಗಬೇಡಿ, ಬದಲಿಸಿ.

ರೇಡಿಯೇಟರ್ ಇನ್ನೂ ಮೋಸ. ನಮ್ಮ ಸೆಟ್ಟಿನ ಫ್ಯಾನು ಗಾಳಿಯನ್ನು ಎಂಜಿನ್ ಕಡೆಯಿಂದ ಹೊರಕ್ಕೆ ತಳ್ಳುತ್ತದೆ, ಆದ್ದರಿಂದ ಕಸ ಕೂರುವುದು ಒಳಮೈ ಮೇಲೆ. ಹೊರಗಿನಿಂದ ನೋಡಿದರೆ ಫಿನ್ ಫಳಫಳ. ಒಳಗೆ ಟಾರ್ಚ್ ಹಾಕಿದರೆ ಎಣ್ಣೆ ಮಂಜಿಗೆ ಅಂಟಿದ ಕೆಂಪು ಪುಡಿ ಒಂದು ಪದರವೇ ಕಟ್ಟಿರುತ್ತದೆ. ಹೊರಗಿನಿಂದ ಒಳಕ್ಕೆ ಗಾಳಿ ಹೊಡೆದು ತೆಗೆಯಬೇಕು. ಮಾಸ್ಕು, ಕನ್ನಡಕ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಡಗಿ ಕಾಯಿ ಖಾರ ಕಮ್ಮಿ ಅನ್ನುವವರು ಒಮ್ಮೆ ಬಂದು ಮೂಗಿಗೆ ಎಳೆದುಕೊಂಡು ನೋಡಲಿ!

ಇಲ್ಲಿ ಒಂದು ಎಚ್ಚರಿಕೆ. ಎಎಂಎಫ್ (ಆಟೋ ಮೇನ್ಸ್ ಫೇಲ್ಯೂರ್) ಪ್ಯಾನಲ್ ಇರುವ ಸೆಟ್ಟು ಕರೆಂಟ್ ಹೋದ ತಕ್ಷಣ ತಾನಾಗಿಯೇ ಎದ್ದುಬಿಡುತ್ತದೆ, ನಿಮ್ಮ ಕೈ ಫ್ಯಾನ್ ಬೆಲ್ಟ್ ಹತ್ತಿರ ಇದೆಯಾ ಅಂತ ಕೇಳುವುದಿಲ್ಲ. ಮೊದಲು ಆಫ್‌ಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ಒಳಗೆ ಕೈ. ಬಿಸಿ ರೇಡಿಯೇಟರಿನ ಕ್ಯಾಪ್ ತೆಗೆಯಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ತೆಗೆದು ಮುಖ ಸುಟ್ಟುಕೊಂಡವರು ಇದ್ದಾರೆ. ಚಳಿಗಾಲದ ರಾತ್ರಿ ಹಮಾಲರು ಬೆಚ್ಚಗಿರುತ್ತದೆ ಅಂತ ಸೈಲೆನ್ಸರ್ ಕಡೆ ಚೀಲ ಹಾಸಿ ಮಲಗುತ್ತಾರೆ. ನಾನು ಜಗಳ ಮಾಡಿಯಾದರೂ ಎಬ್ಬಿಸುತ್ತೇನೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ನಾನು ಹಿಂದೆ ಇದ್ದ ಒಂದು ಕಡೆ ಹೆಸ್ಕಾಂ ಲೈನಿಗೂ ಜನರೇಟರಿಗೂ ಎರಡು ಬೇರೆ ಬೇರೆ ಮೇನ್ ಸ್ವಿಚ್ ಇದ್ದವು, ಎರಡೂ ಒಟ್ಟಿಗೆ ಆನ್ ಆಗದಂತೆ ತಡೆಯುವ ಇಂಟರ್‌ಲಾಕ್ ನಡುವೆ ಇಲ್ಲ. ಎರಡೂ ಆನ್ ಆಗಿದ್ದರೆ ನಮ್ಮ ಕರೆಂಟು ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹೋಗಿ 11 ಕೆವಿ ಆಗಿ, ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಒಂದು ಸಲಕ್ಕೆ ಒಂದೇ ಕಡೆಯ ಕರೆಂಟ್ ಬಿಡುವ ನಾಲ್ಕು ಪೋಲ್ ಚೇಂಜ್‌ಓವರ್ ಸ್ವಿಚ್ ಹಾಕಿಸುವವರೆಗೂ ನಾನು ಅಲ್ಲಿ ರಾತ್ರಿ ಪಾಳಿ ಒಪ್ಪಲಿಲ್ಲ.

ಕರೆಂಟ್ ಬಂದ ಮೇಲೆ ಲೋಡ್ ತೆಗೆದು ಎಂಜಿನ್ನನ್ನು ಮೂರ್ನಾಲ್ಕು ನಿಮಿಷ ಖಾಲಿ ಬಿಡುತ್ತೇನೆ. ತಕ್ಷಣ ಬಂದ್ ಮಾಡಿದರೆ ಕಾದ ಟರ್ಬೋಗೆ ಆಯಿಲ್ ನಿಂತು ಬೇರಿಂಗ್ ಹೋಗುತ್ತದೆ. ಎಂಜಿನ್ ಆರಿದ ಮೇಲೆ ಟ್ಯಾಂಕ್ ತುಂಬಿಸುತ್ತೇನೆ. ಅರ್ಧ ಖಾಲಿ ಬಿಟ್ಟರೆ ರಾತ್ರಿ ತಂಪಿಗೆ ಒಳಗೆ ನೀರು ಕಟ್ಟುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ವಾಟರ್ ಸೆಪರೇಟರ್ ಕೆಳಗೆ ಗಾಜಿನ ಬಾಟಲಿ ಹಿಡಿದರೆ ಆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ.