ಬೀದಿ ಫೋಟೋದಲ್ಲಿ ಕಥೆ ಬೇಕಾದರೆ ಒಂದೇ ಕಡೆ ನಿಲ್ಲಿ

ಬೀದಿ ಫೋಟೋ ತೆಗೆಯುವವರಿಗೆ ಒಂದು ಸಲಹೆ. ಕಥೆ ಹುಡುಕಿಕೊಂಡು ಊರೆಲ್ಲ ಅಲೆಯಬೇಡಿ. ಬೆಳಕು ಚೆನ್ನಾಗಿ ಬೀಳುವ ಒಂದು ಜಾಗ ಹಿಡಿದು ಅಲ್ಲೇ ನಿಲ್ಲಿ. ಬಸ್ ಸ್ಟಾಪ್ ಆಗಬಹುದು, ಬಣ್ಣ ಕಿತ್ತುಹೋದ ಗೋಡೆಯೂ ಆಗಬಹುದು. ಮೊದಲು ಫ್ರೇಮ್ ನೋಡಿಕೊಳ್ಳಿ, ಜನ ತಾವಾಗಿಯೇ ಅದರೊಳಗೆ ಬರುತ್ತಾರೆ.

ಆಮೇಲೆ, ಮುಖಕ್ಕಿಂತ ಜಾಸ್ತಿ ಕೈ ಗಮನಿಸಿ. ಕ್ಯಾಮೆರಾ ಕಂಡರೆ ಮುಖ ಬಿಗಿಯುತ್ತದೆ, ಕೈ ಮಾತ್ರ ತನ್ನ ಪಾಡಿಗೆ ಇರುತ್ತದೆ. ಬಸ್ಸಿಗೆ ಕಾಯುವ ಹೆಂಗಸು ಬ್ಯಾಗಿನ ಜಿಪ್ ಎಳೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ಎಳೆಯುತ್ತಾಳೆ. ಅವಳಿಗೆ ತಡವಾಗಿದೆ ಅಂತ ಬೇರೆ ಹೇಳಬೇಕಾ?

ಒಂದೇ ಫ್ರೇಮಿನಲ್ಲಿ ಎರಡು ವಿಷಯ ಸೇರಿದರೆ ಇನ್ನೂ ಚೆನ್ನ. ಫ್ರಾನ್ಸಿನ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ-ಬ್ರೆಸನ್ 1932ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣವೊಂದರ ಹಿಂದೆ ತೆಗೆದ ಫೋಟೋ ನೋಡಿದ್ದೀರಲ್ವಾ? ನಿಂತ ನೀರು ದಾಟಲು ಒಬ್ಬ ಜಿಗಿಯುತ್ತಿದ್ದಾನೆ. ಹಿಂದಿನ ಪೋಸ್ಟರಿನಲ್ಲೂ ನರ್ತಕಿಯೊಬ್ಬಳು ಹಾಗೇ ಜಿಗಿಯುತ್ತಿದ್ದಾಳೆ. ಅದನ್ನು ತೆಗೆದದ್ದು ಬೇಲಿಯ ಸಂದಿಯಿಂದ!

ಸೆಟ್ಟಿಂಗ್ ವಿಷಯ ಸುಲಭ. ನಡೆಯುವವರಿಗೆ ಶಟರ್ ವೇಗ (ಬೆಳಕು ಒಳಬರುವ ಸಮಯ) 1/250 ಸೆಕೆಂಡ್, ಓಡುವವರಿಗೆ 1/500 ಇಡಿ. ಸುತ್ತಲಿನದ್ದೂ ಕಾಣುವ 35 ಎಂಎಂ ಲೆನ್ಸ್ ಸಾಕು, ಮೊಬೈಲ್ ಆದರೂ ನಡೆಯುತ್ತದೆ. ಜೂಮ್ ಬೇಡ ಅನ್ನುವುದು ನನ್ನ ಹಠ. ಸುತ್ತಲಿನದ್ದು ಹೊರಗುಳಿದರೆ ಕಥೆಯೂ ಹೊರಗುಳಿಯುತ್ತದೆ.

ಯಾರಾದರೂ ಬೇಡ ಅಂದರೆ ವಾದ ಮಾಡದೆ ಅಳಿಸಿಬಿಡಿ. ಕಷ್ಟದಲ್ಲಿರುವವರನ್ನು ಸುಮ್ನೆ ಕ್ಲಿಕ್ಕಿಸಬೇಡಿ. ತೆಗೆದ ದಿನವೇ ಫೋಟೋ ಆರಿಸಲು ಕೂರಬೇಡಿ, ಒಂದು ವಾರ ಬಿಟ್ಟು ನೋಡಿ.